ಕಳಶದ ಎಡಗೆನ್ನೆ

ಅದು ಹಬ್ಬದ ಹಿಂದಿನ ದಿನವೋ, ಅದಕ್ಕೂ ಮುಂಚೆಯೋ, ನನ್ನ ನೆನಪು ತಪ್ಪಿರಬಹುದು. ದೊಡ್ಡವ್ವನ ಬೆರಳು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಮಳವಳ್ಳಿಯ ಮನೆಯಲ್ಲಿ ನನ್ನ ಅಮ್ಮನ ಅಕ್ಕ, ದೊಡ್ಡವ್ವ, ವರಮಹಾಲಕ್ಷ್ಮಿ ಕಳಶದ ತೆಂಗಿನಕಾಯಿಗೆ ಅರಿಶಿನ ಕಲಸಿದ ಹಿಟ್ಟಿನಿಂದ ಮುಖ ಮಾಡುತ್ತಿದ್ದಳು. ನಾನು ಮೊಬೈಲಿನಲ್ಲಿ ಪೆರು ದೇಶದ ಪ್ರಾಚೀನ ಮಡಕೆಯೊಂದರ ಚಿತ್ರ ತೋರಿಸಿದೆ. ಇಡೀ ಮಡಕೆಯೇ ಒಬ್ಬ ಗಂಡಸಿನ ಮುಖ. ತುಟಿಯ ಮೇಲೆ ಗಾಯದ ಗುರುತು.

“ಅಯ್ಯೋ, ಗಡಿಗೆಗೇ ಮೂತಿ ಬಂದದಲ್ಲವ್ವ! ನಿಮ್ಮ ದೊಡ್ಡಪ್ಪನಂಗೆ ಸಿಡುಕ್ಕಂಡು ಕುಂತವ್ನೆ. ಯಾವೂರ ದ್ಯಾವ್ರು ಇದು?” ಎಂದು ನಕ್ಕಳು.

“ದೇವರಲ್ಲ ದೊಡ್ಡವ್ವ, ನಿಜವಾಗ್ಲೂ ಬದುಕಿದ್ದ ಮನುಷ್ಯನಂತೆ. ಅದಕ್ಕೇ ಗಾಯಾನೂ ಬಿಡದೆ ಮಾಡವ್ರೆ.”

ಅವಳ ನಗು ನಿಂತಿತು. ಲಕ್ಷ್ಮಿಯ ಎಡಗೆನ್ನೆಗೆ ಕಿರುಬೆರಳಿನ ತುದಿ ಒತ್ತಿ ಗುಳಿ ಮಾಡಿದಳು. ಬಲಗೆನ್ನೆಗೆ ಒತ್ತಲಿಲ್ಲ. ಪ್ರತಿ ವರ್ಷವೂ ಹೀಗೆಯೇ ಮಾಡುತ್ತಾಳೆ. ನಾನು ಮಂಡ್ಯದಿಂದ ತಂದುಕೊಟ್ಟ ಬೆಳ್ಳಿಯ ಮುಖವಾಡ ಪೆಟ್ಟಿಗೆಯಲ್ಲೇ ಇದೆ.

ನಾನು ಹುಟ್ಟಿದ ವರ್ಷವೇ ಅಮ್ಮ ತೀರಿಕೊಂಡಳು. ಉಳಿದಿರುವುದು ಮದುವೆಯ ಒಂದು ಫೋಟೊ. ಅದರಲ್ಲೂ ತಲೆ ತಗ್ಗಿಸಿದ್ದಾಳೆ. ಅವಳ ಮುಖ ಹೇಗಿತ್ತೆಂದು ನನಗೆ ಗೊತ್ತಿಲ್ಲ.

“ದೊಡ್ಡವ್ವ, ಅಮ್ಮ ನಕ್ಕರೆ ಎಡಗಡೆ ಗುಳಿ ಬೀಳ್ತಿತ್ತಾ?”

“ಕಾಡಿಗೆ ಕೊಡವ್ವ ಇತ್ಲಾಗೆ. ಕಣ್ಣು ಬರೀಬೇಕು,” ಎಂದಳು.

ಹಬ್ಬ ಮುಗಿದು ಆ ಮುಖವನ್ನು ನೀರಿಗೆ ಬಿಡುವ ಮೊದಲು ಫೋಟೊ ತೆಗೆದುಕೊಂಡೆ. ಮೊಬೈಲಿನಲ್ಲಿ ಅದು ಪೆರುವಿನ ಮನುಷ್ಯನ ಪಕ್ಕದಲ್ಲೇ ಇದೆ.