ಗಿಣ್ಣಿನ ಡಬ್ಬಿ ತೆರೆದಾಗ

“ಯಾರ ಮನೆ ಗಿಣ್ಣು ಇದು?” ವಾರ್ಡಿನಲ್ಲಿ ಹಂಚಲು ನಾನು ತಂದಿದ್ದ ಡಬ್ಬಿಯಲ್ಲೇ ಚಮಚ ಬಿಟ್ಟು ಡಾಕ್ಟರ್ ಕೇಳಿದರು.

“ನಮ್ಮನೇದೇ ಮೇಡಂ. ಮೊನ್ನೆ ಹಸು ಕರು ಹಾಕ್ತು. ಪ್ರತಿ ಸಲ ಇವ್ರೇ ಕರು ಹಿಡಿದು ಎಳೀತಿದ್ರು, ಈ ಸಲ ಆಗ್ಲಿಲ್ಲ.”

ಹೃದಯದ ಕವಾಟಕ್ಕೆ ಸೋಂಕು ತಗುಲಿ ಯಜಮಾನರು ಮಲಗಿ ಐದು ವಾರವಾಗಿತ್ತು. ಎಷ್ಟು ಸಲ ರಕ್ತ ತೆಗೆದು ಕಲ್ಚರ್‌ಗೆ ಇಟ್ಟರೂ ಯಾವ ಕ್ರಿಮಿಯೂ ಬೆಳೆದಿರಲಿಲ್ಲ. ನನ್ನ ಮಾತು ಕೇಳಿ ಡಾಕ್ಟರಿಗೆ ಹೊಳೆಯಿತು: ಹಸು ಕರು ಹಾಕುವಾಗ ತಗುಲುವ ಒಂದು ಕ್ರಿಮಿ ಹಾಗೆ ಬೆಳೆಯುವುದೇ ಇಲ್ಲವಂತೆ. ಅದಕ್ಕೆ ಬೇರೆ ರಕ್ತಪರೀಕ್ಷೆ. ಮಾಡಿಸಿದರು, ಅದೇ ಆಗಿತ್ತು.

ಇನ್ನು ವರ್ಷಕ್ಕೂ ಮೀರಿ ಮಾತ್ರೆ. ಮೊದಲೇ ಯಾರಾದರೂ ಹಸುವಿನ ವಿಷಯ ಕೇಳಬಾರದಿತ್ತೇ ಎಂದು ಸಿಡುಕುತ್ತೇನೆ. ಆದರೆ ಜ್ವರ ತೋರಿಸಲು ಕೆಂಗೇರಿಯಿಂದ ಹೊರಟಾಗಲೆಲ್ಲ, ಕೊಟ್ಟಿಗೆಯ ವಾಸನೆ ಬರಬಾರದೆಂದು ಅವರಿಗೆ ಸೋಪು ಹಚ್ಚಿ ಸ್ನಾನ ಮಾಡಿಸಿ, ಇಸ್ತ್ರಿ ಅಂಗಿ ಹಾಕಿಸುತ್ತಿದ್ದವಳು ನಾನೇ.