ಮುಂದಿನ ಸೀಟು

ನಮ್ಮ ಮನೆಯ ಹಳೇ ಅಂಬಾಸಿಡರ್ ಕಾರಿನಲ್ಲಿ ಮುಂದಿನ ಸೀಟು ನನ್ನದಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಅದು ನನ್ನ ಗಂಡನ ಅಕ್ಕನದು. ಅತ್ತಿಗೆಯನ್ನು ಕೊಟ್ಟಿರುವುದು ಚಿಕ್ಕನಾಯಕನಹಳ್ಳಿಗೆ. ಆದರೂ ನೆಂಟರಲ್ಲಿ ಯಾವ ಕಾರ್ಯವಿದ್ದರೂ ಹಿಂದಿನ ದಿನವೇ ತಿಪಟೂರಿಗೆ ಬಂದು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮುಂದಿನ ಬಾಗಿಲು ತೆಗೆದು ಕೂರುತ್ತಾರೆ. ನಾನು ಹಿಂದೆ, ಹಣ್ಣಿನ ಬುಟ್ಟಿಯ ಪಕ್ಕ ಇನ್ನೊಂದು ಬುಟ್ಟಿಯ ಹಾಗೆ. ಹೊಟ್ಟೆಕಿಚ್ಚು ಅನ್ನುತ್ತೀರಾ? ಹೌದು, ಹೊಟ್ಟೆಕಿಚ್ಚೇ.

ಕಾರು ಮಾವನವರ ಕಾಲದ್ದು. ಬಿಸಿಲೇರಿದರೆ ಪೆಟ್ರೋಲ್ ಪಂಪು ಕಾದು ದಾರಿಯಲ್ಲೇ ನಿಂತುಬಿಡುತ್ತದೆ. ಆಗ ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ತಣ್ಣಗಾಗುವ ತನಕ ಕಾಯಬೇಕು. ಅತ್ತಿಗೆ ಇದನ್ನು ಹುಡುಗಿಯಾಗಿದ್ದಾಗಲೇ ಅಪ್ಪನಿಂದ ಕಲಿತವರು. ಇವರು, ಅಂದರೆ ನನ್ನ ಗಂಡ, ಬಾನೆಟ್ಟಿನೊಳಗೆ ತಲೆ ತೂರಿಸಿ, ತಿರುಗಿಯೂ ನೋಡದೆ ಕೈ ಹಿಂದಕ್ಕೆ ಚಾಚುತ್ತಾರೆ. ಅತ್ತಿಗೆ ಬಟ್ಟೆ ಹಿಂಡಿ ಅಂಗೈಗಿಡುತ್ತಾರೆ. ಅಕ್ಕ ತಮ್ಮನ ನಡುವೆ ಒಂದು ಮಾತೂ ಬೇಕಾಗುವುದಿಲ್ಲ. ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಒಂದು ಸಲ ನಾನು ಕೊಟ್ಟ ಬಟ್ಟೆ ತೊಟ್ಟಿಕ್ಕಿ, ನೀರು ಇಂಜಿನ್ನಿನ ವೈರುಗಳಿಗೆ ಇಳಿದು, ದಾರಿಹೋಕರನ್ನೆಲ್ಲ ಕರೆದು ಕಾರು ತಳ್ಳಿಸಬೇಕಾಯಿತು. ಆ ಕಥೆಯನ್ನು ಇವರು ಊಟದ ಪಂಕ್ತಿಯಲ್ಲಿ ಇವತ್ತಿಗೂ ಹೇಳುತ್ತಾರೆ.

ಹೋದ ಬೇಸಿಗೆ ದಂಡಿನಶಿವರದಲ್ಲಿ ಒಂದು ನಾಮಕರಣವಿತ್ತು. ಅತ್ತಿಗೆಗೆ ಮಂಡಿನೋವು ಜಾಸ್ತಿಯಾಗಿತ್ತು. ಕಾಲು ನೀಡಿಕೊಳ್ಳಬೇಕೆಂದು ತಾವಾಗಿಯೇ ಹಿಂದಕ್ಕೆ ಹೋದರು.

"ಇವತ್ತು ನೀನೇ ಮುಂದೆ ಕೂತ್ಕಳೇ," ಎಂದರು.

ಅಯ್ಯೋ ಪಾಪ ಎಂದು ಬಾಯಲ್ಲಿ ಅಂದೆ. ಮನಸ್ಸಿನಲ್ಲಿ ಅಂದದ್ದು ಬೇರೆ. ಆ ಸಡಗರದಲ್ಲಿ ನೀರಿನ ಕ್ಯಾನು ಅಡುಗೆಮನೆಯಲ್ಲೇ ಉಳಿಯಿತು.

ತುರುವೇಕೆರೆ ದಾಟಿದ ಮೇಲೆ ಕಾರು ಕೆಮ್ಮಿ ಕೆಮ್ಮಿ ನಿಂತಿತು. ಇವರು ಇಳಿದು ಬಾನೆಟ್ ಎತ್ತಿದರು. ಅತ್ತಿಗೆ ಹಿಂದೆ ನಿದ್ದೆ ಹೋಗಿದ್ದರು. ಕ್ಯಾನು ಹುಡುಕಿದೆ, ಇಲ್ಲ. ಎರಡೂ ಕಡೆ ತೆಂಗಿನ ತೋಟ, ಒಂದು ತೊಟ್ಟು ನೀರಿಲ್ಲ. ಇದನ್ನು ಬಾಯಿಬಿಟ್ಟರೆ ಪಂಕ್ತಿಗೆ ಇನ್ನೊಂದು ಕಥೆ ಸಿಕ್ಕ ಹಾಗೆ. ಅಷ್ಟರಲ್ಲಿ ನೆನಪಾಯಿತು, ಡಿಕ್ಕಿಯಲ್ಲಿ ನೆಂಟರ ಮಕ್ಕಳಿಗೆಂದು ಹಾಕಿಕೊಂಡಿದ್ದ ಎಳನೀರಿತ್ತು, ಮಚ್ಚೂ ಇತ್ತು. ಒಂದನ್ನು ಕೆತ್ತಿ ಟವೆಲ್ಲಿಗೆ ಸುರಿದು, ಕೈ ನೋಯುವ ಹಾಗೆ ಹಿಂಡಿದೆ. ಇವರ ಕೈ ಹಿಂದಕ್ಕೆ ಬಂತು. ಅಂಗೈಗಿಟ್ಟೆ.

"ಮಂಡಿ ನೋವಲ್ಲೂ ಇಳ್ದು ಬಂದ್ಯಲ್ಲ ಕಣಕ್ಕ," ಎಂದರು ಒಳಗಿಂದಲೇ. "ಹಿಂಡೋದು ಅಂದ್ರೆ ಇದು. ನಮ್ಮನೇಳ್ಗೆ ಎಷ್ಟ್ ಹೇಳಿದ್ರೂ ಬರಾಕಿಲ್ಲ ಬುಡು."

ಇಷ್ಟು ವರ್ಷಕ್ಕೆ ಒಂದು ಹೊಗಳಿಕೆ ಸಿಕ್ಕಿತು, ಅದೂ ಅತ್ತಿಗೆಯ ಪಾಲಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಟವೆಲ್ ಬಿಸಿಯಾಗಿ ವಾಪಸ್ ಬಂತು. ಎರಡನೇ ಎಳನೀರು ಕೆತ್ತಿ ಪೂರ್ತಿ ಸುರಿದೆ. ಈ ಸಲ ಹಿಂಡಲಿಲ್ಲ. ಚಾಚಿದ ಕೈಗೆ ಹಾಗೇ ಇಟ್ಟೆ. ಅಷ್ಟೂ ಇವರ ಹೊಸ ಪಂಚೆಯ ಮೇಲೆ ಸುರಿಯಿತು.

"ಏನಕ್ಕ ಇದು?"

"ಅಕ್ಕ ಅಲ್ಲ ಕಣ್ರೀ. ನಿಮ್ಮನೇಳು."

ತಟ್ಟನೆ ತಲೆಯೆತ್ತಿ ಬಾನೆಟ್ಟಿಗೆ ಹೊಡೆಸಿಕೊಂಡರು. ನನ್ನನ್ನೂ ಟವೆಲ್ಲನ್ನೂ ನೋಡಿದರು.

"ಮೊದ್ಲು ಕೊಟ್ಟಿದ್ದು?"

"ಅದೂ ನಾನೇ."

ಇವರು ಟವೆಲ್ಲನ್ನು ತಾವೇ ಹಿಂಡಿ ಪಂಪಿಗೆ ಸುತ್ತಿದರು. ಕಾರು ಹೊರಟಿತು.

ಆ ದಿನದ ಪಂಕ್ತಿಯಲ್ಲಿ ಹಳೇ ಕಥೆ ಬರಲಿಲ್ಲ. ಊಟ ಮುಗಿಸಿ ಬರುವಷ್ಟರಲ್ಲಿ ಎಳನೀರಿನ ಸಿಹಿಗೆ ಪಂಪಿನ ಸುತ್ತ ಇರುವೆಗಳು ಮುತ್ತಿದ್ದವು. ಇವರು ಅವನ್ನೆಲ್ಲ ಕೊಡವಿ, ಅದೇ ಟವೆಲ್ಲಿನಿಂದ ಮುಂದಿನ ಸೀಟನ್ನೂ ಒರೆಸಿದರು. ಯಾರಿಗೆ ಎಂದು ನಾನು ಕೇಳಲಿಲ್ಲ. ಅತ್ತಿಗೆ ಚಪ್ಪಲಿ ಹುಡುಕುತ್ತಿರುವಾಗಲೇ ಹೋಗಿ ಕೂತೆ.