ಟ್ರಂಕಿನ ಮೇಲೆ ಕುರಿಯ ಗುರುತು

ಯಾದಗಿರಿ ಸ್ಟೇಷನ್ನಿಗೆ ರೈಲು ಬರುವ ಹೊತ್ತಿಗೆ ಅಪ್ಪ ಚೀಲದಿಂದ ಕೆಂಪು ಬಣ್ಣದ ಡಬ್ಬಿ ತೆಗೆದು, ನನ್ನ ಹೊಸ ಕರಿ ಟ್ರಂಕಿನ ಮೇಲೆ ಬೆರಳಿನಿಂದ ಗೀಟು ಎಳೆದುಬಿಟ್ಟ. ನಮ್ಮ ಕುರಿಗಳು ಬೇರೆ ಹಿಂಡಿನಲ್ಲಿ ಬೆರೆತರೂ ಗೊತ್ತಾಗಲೆಂದು ಬೆನ್ನಿಗೆ ಹಾಕುವ ಗುರುತು ಅದು. ನನ್ನಂತೆಯೇ ಸೈನ್ಯದ ತರಬೇತಿಗೆ ಹೊರಟ ಶಹಾಪುರ, ಸುರಪುರದ ಹುಡುಗರು ನೋಡುತ್ತಿದ್ದರು. ನಾನು ಟಗರಿನ ದನಿ ತೆಗೆದು 'ಬ್ಯಾ' ಎಂದೆ.

“ಯಪ್ಪಾ, ನನ್ನ ಸಂತಿಗೆ ಹೊಡ್ಕೊಂಡು ಹೊಂಟೀಯೇನು?”

ಎಲ್ಲರೂ ನಕ್ಕರು, ಅಪ್ಪ ನಗಲಿಲ್ಲ. “ಕುರಿ ತಪ್ಪಿಸ್ಕೊಂಡ್ರ ನಾಕೂರು ತಿರುಗಿ ಹುಡುಕಿ ತರತೀನಿ. ನಿನ್ನ ಎಲ್ಲಿ ಅಂತ ಹುಡುಕಲೋ ಮಗನ?”

ತರಬೇತಿ ಕೇಂದ್ರದಲ್ಲಿ, ಟ್ರಂಕಿನ ಮೇಲೆ ಹೆಸರು, ನಂಬರು ಬಿಟ್ಟು ಬೇರೇನೂ ಇರಕೂಡದೆಂದು ಹುಕುಂ ಆಯಿತು. ಗುರುತಿನ ಮೇಲೆ ಕರಿ ಬಣ್ಣ ಬಳಿದೆ. ಆಮೇಲೆ ಮುಚ್ಚಳದ ಒಳಬದಿಗೆ ಅಂಥದೇ ಕೆಂಪು ಗೀಟು ಎಳೆದುಕೊಂಡೆ. ಸ್ವಲ್ಪ ಸೊಟ್ಟಗಿದೆ, ಅಪ್ಪ ಗುರುತು ಹಿಡಿಯುತ್ತಾನೆ.